ಓದಿದ್ದಾರೆಂದು ಭಾವಿಸಿ

ಅವರಿಗೆ ಹೆತ್ತವರು ಇಟ್ಟ ಹೆಸರೊಂದಿತ್ತು. ಅದು ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಊರಿಗೆಲ್ಲ ಅವರು ಸಮಿತಿ ಮೇಷ್ಟ್ರು. ಗ್ರಂಥಾಲಯದ ಮಹಡಿಯ ಮೇಲಿದ್ದ ವಯಸ್ಕರ ಕಲಿಕಾ ಕೇಂದ್ರವನ್ನು ಹತ್ತೊಂಬತ್ತು ವರ್ಷ ನೋಡಿಕೊಂಡವರು. ದೊಡ್ಡವರಿಗೆ ಓದು ಬರಹ, ಹೊಲಿಗೆ, ಪ್ರಥಮ ಚಿಕಿತ್ಸೆ, ಆಮೇಲಾಮೇಲೆ ಒಂದಿಷ್ಟು ಕಂಪ್ಯೂಟರ್, ಇವೆಲ್ಲ ಅಲ್ಲಿ ಸಂಜೆ ಆರರಿಂದ ಎಂಟರವರೆಗೆ ನಡೆಯುತ್ತಿದ್ದವು. ಇಪ್ಪತ್ತೆರಡು ಮೆಟ್ಟಿಲು ಹತ್ತಿದರೆ ಒಂದು ಹಜಾರ, ಅದರ ಪಕ್ಕಕ್ಕೆ ಮೇಷ್ಟ್ರ ಕೋಣೆ. ಕೋಣೆಯೆಂದರೆ ಒಂದು ಮೇಜು, ಒಂದು ಕಬ್ಬಿಣದ ಬೀರು, ಒಮ್ಮೆ ಮುಚ್ಚಿದರೆ ಮತ್ತೆ ತೆರೆಯಲು ಇಬ್ಬರು ಬೇಕಾಗುತ್ತಿದ್ದ ಒಂದು ಕಿಟಕಿ.

ಮೊದಲೇ ಹೇಳಿಬಿಡುವುದು ವಾಸಿ, ಮೇಷ್ಟ್ರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಅವರ ಕಥೆ ಹೇಳುವುದು ನೀರು ಕುಡಿದಷ್ಟು ಸುಲಭವಾಗಿರುತ್ತಿತ್ತು, ಹೇಳಿ ಮುಗಿಸಿ ನಾಲ್ಕು ಬೈಗುಳ ಬೈದು ಎದ್ದು ಹೋಗಬಹುದಿತ್ತು. ಅವರು ಕೆಲಸದ ಮೇಲೆ ಪ್ರೀತಿಯಿದ್ದವರು. ಪ್ರೀತಿಯಿದ್ದವರು ಮಾಡುವ ತಪ್ಪಿಗೆ ಮದ್ದು ಹುಡುಕುವುದೇ ಕಷ್ಟ.

ಸಮಿತಿಯ ಕಥೆ ಶುರುವಾದದ್ದು ಮೇಲಿನ ಕಚೇರಿಯ ಒಂದು ಸುತ್ತೋಲೆಯಿಂದ. ಪ್ರತಿ ಕೇಂದ್ರಕ್ಕೂ ಸುತ್ತಮುತ್ತಲಿನ ಜನರದೇ ಒಂದು ಸಲಹಾ ಸಮಿತಿ ಇರಬೇಕು, ಸದಸ್ಯರು ತಾವಾಗಿ ಇಷ್ಟಪಟ್ಟು ಬಂದವರಾಗಿರಬೇಕು, ಮೂರು ತಿಂಗಳಿಗೊಮ್ಮೆ ಸೇರಿ ಏನು ಕಲಿಸಬೇಕು, ಯಾರಿಗೆ, ಯಾವಾಗ ಎಂದು ಸಲಹೆ ಕೊಡಬೇಕು. ಬೇರೆ ಕೇಂದ್ರದವರು ವಾರದೊಳಗೆ ತಮ್ಮ ಭಾಮೈದ, ಷಡ್ಡಕ, ಪಕ್ಕದ ಮನೆಯ ನಿವೃತ್ತ ಗುಮಾಸ್ತ, ಹೀಗೆ ಕೈಗೆ ಸಿಕ್ಕವರ ಹೆಸರು ಬರೆದು ಕಳಿಸಿ ಕೈ ತೊಳೆದುಕೊಂಡರು. ಮೇಷ್ಟ್ರು ಮಾತ್ರ ನಾಲ್ಕು ತಿಂಗಳು ಕಾಲಿಗೆ ಚಕ್ರ ಕಟ್ಟಿಕೊಂಡು ತಿರುಗಿದರು.

ಅವರದೊಂದು ಕ್ರಮವಿತ್ತು. ಯಾರ ಹತ್ತಿರ ಜನ ಕೆಲಸ ಮುಗಿದ ಮೇಲೂ ನಿಂತು ಮಾತಾಡುತ್ತಾರೆ ಎಂದು ಮೊದಲು ನೋಡುವುದು. ಅಂಥವರಲ್ಲಿಗೆ ಹೋದಾಗ ಮೊದಲ ಸಲ ಸಮಿತಿಯ ಸುದ್ದಿಯನ್ನೇ ಎತ್ತುತ್ತಿರಲಿಲ್ಲ. ಎರಡನೇ ಸಲ ನಮ್ಮ ಕೇಂದ್ರದಲ್ಲಿ ಏನು ಸರಿಯಿಲ್ಲ ಹೇಳಿ ಎಂದು ಕೇಳುತ್ತಿದ್ದರು. ಯಾರು ಮುಖ ಮೂತಿ ನೋಡದೆ ಬೈಯುತ್ತಾರೋ ಅವರಲ್ಲಿಗೆ ಮೂರನೇ ಸಲ ಹೋಗಿ, ಬನ್ನಿ, ಇದನ್ನೇ ನಮ್ಮ ಹಜಾರದಲ್ಲಿ ಕೂತು ಹೇಳಿ ಎನ್ನುತ್ತಿದ್ದರು. ಹೊಗಳಿದವರ ಅಂಗಡಿಗೆ ಮತ್ತೆ ಕಾಲಿಡುತ್ತಿರಲಿಲ್ಲ. ಹೀಗೆ ಏಳು ಜನ ಸಿಕ್ಕಿದರು. ಮೂಲೆಯ ಔಷಧಿ ಅಂಗಡಿಯವರು ಅಧ್ಯಕ್ಷರು. ಬಸ್ಸಿನಲ್ಲಿ ಮೂವತ್ತು ವರ್ಷ ಟಿಕೆಟ್ ಹರಿದು ನಿವೃತ್ತರಾಗಿದ್ದ ಕಂಡಕ್ಟರು ಒಬ್ಬರು. ಮತ್ತೆ ಇಸ್ತ್ರಿಯಕ್ಕ. ಉಳಿದ ನಾಲ್ವರು ಒಳ್ಳೆಯವರೇ, ಆದರೆ ಈ ಕಥೆಗೆ ಬೇಕಾದವರಲ್ಲ.

ಇಸ್ತ್ರಿಯಕ್ಕನ ಅಂಗಡಿ ಗ್ರಂಥಾಲಯದ ಹಿಂದಿನ ಬೀದಿಯಲ್ಲಿತ್ತು. ಅಂಗಡಿಯೆಂದರೆ ಒಂದು ಮನೆಯ ಮುಂಭಾಗದ ಕೋಣೆ. ಕಂಬಳಿ ಹಾಸಿದ ಉದ್ದನೆಯ ಮೇಜು, ಗೋಡೆಗೆ ಹೊಡೆದ ಹಲಗೆಗಳ ಮೇಲೆ ಸಾಲಾಗಿ ಬಟ್ಟೆಯ ಗಂಟುಗಳು. ನಲವತ್ತೆಂಟರ ಆಸುಪಾಸಿನ ಹೆಂಗಸು, ಮುಂಗೈಯಲ್ಲಿ ಸುಟ್ಟ ಗುರುತುಗಳು, ಮಾತು ಕಡಿಮೆ, ಆಡಿದರೆ ನೆಟ್ಟಗೆ. ಬೆಳಿಗ್ಗೆ ಕಚೇರಿಗೆ ಹೋಗುವವರು ಗಂಟು ಕೊಟ್ಟು ಹೋಗುವಾಗ, ಸಂಜೆ ತೆಗೆದುಕೊಂಡು ಹೋಗುವಾಗ, ಬೀದಿಯ ಅರ್ಧ ಸುದ್ದಿ ಆ ಮೇಜಿನ ಮೇಲೆ ಮಡಿಕೆ ಬೀಳುತ್ತಿತ್ತು. ಪ್ರತಿ ಮನೆಯ ಬಟ್ಟೆಗೂ ಒಂದೊಂದು ಬಣ್ಣದ ದಾರ ಕಟ್ಟುತ್ತಿದ್ದಳು. ಹಳದಿ ದಾರಕ್ಕೆ ಒಂದು ಗಂಟು ಹಾಕಿದರೆ ಮೇಲಿನ ಮನೆ, ಎರಡು ಹಾಕಿದರೆ ಅದರ ಪಕ್ಕದ್ದು. ಅರವತ್ತು ಮನೆಯ ಬಟ್ಟೆ ಒಂದು ದಿನವೂ ಅದಲುಬದಲಾದದ್ದಿಲ್ಲ. ಮೇಷ್ಟ್ರು ಅದನ್ನು ನೋಡಿ ಎಂಥ ಅಚ್ಚುಕಟ್ಟು ಎಂದು ತಲೆದೂಗಿದರು. ಚೀಟಿಯಲ್ಲಿ ಹೆಸರು ಬರೆದು ಅಂಟಿಸುವುದು ಬಿಟ್ಟು ಇವಳು ದಾರ ಯಾಕೆ ಕಟ್ಟುತ್ತಾಳೆ ಎಂದು ಅವರ ತಲೆಗೆ ಹೊಳೆಯಲಿಲ್ಲ. ಓದು ಬಾರದವರನ್ನು ಹುಡುಕಿ ಹುಡುಕಿ ಕಲಿಸುವುದೇ ಕಸುಬಾಗಿದ್ದ ಮನುಷ್ಯನಿಗೆ!

ಎರಡನೇ ಸಲ ಹೋದಾಗ ಅವಳು ಬೈದಳು. ನಿಮ್ಮ ಕೇಂದ್ರದ ಬಾಗಿಲು ಯಾವಾಗ ನೋಡಿದರೂ ಮುಚ್ಚಿರುತ್ತದೆ, ತೆರೆದಿರುವಾಗ ನಮಗೆ ಉಸಿರಾಡಲು ಬಿಡುವಿರುವುದಿಲ್ಲ ಎಂದಳು. ಮೇಷ್ಟ್ರಿಗೆ ಖುಷಿಯೋ ಖುಷಿ. ಮೂರನೇ ಸಲ ಹೋಗಿ ಸಮಿತಿಗೆ ಕರೆದರು. ನನ್ನಂಥವಳು ಯಾಕೆ ಎಂದು ಅವಳು ನಾಲ್ಕು ಸಲ ಕೇಳಿದಳು. ನಿಮ್ಮಂಥವರೇ ಬೇಕು ಎಂದು ಇವರು ಐದು ಸಲ ಹೇಳಿದರು.

ಮೊದಲ ಸಭೆಗಳನ್ನು ಜನ ನೆನೆಸಿಕೊಳ್ಳುವ ಹಾಗೆ ನಡೆಸಿದರು ಮೇಷ್ಟ್ರು. ಕುರ್ಚಿಗಳನ್ನು ಸುತ್ತಲೂ ಹಾಕಿಸಿದರು, ಯಾರೂ ಮುಂದೆ ಹಿಂದೆ ಆಗಬಾರದೆಂದು. ಮನೆಯಿಂದ ಒಳ್ಳೆಯ ಲೋಟಗಳನ್ನು ತಂದು ಚಹಾ ಕೊಟ್ಟರು. ಎಲ್ಲರನ್ನೂ ಹೆಸರು ಹಿಡಿದು ಮಾತಾಡಿಸಿದರು. ಮೇಲಿನ ಕಚೇರಿಯವರು ಬಂದು ನೋಡಿ, ಇದು ಮಾದರಿ ಸಮಿತಿ ಎಂದು ಬೆನ್ನು ತಟ್ಟಿ ಹೋದರು. ಆಮೇಲೆ ಬೇರೆ ಕೇಂದ್ರದವರು ಬಂದು ಸಮಿತಿ ಕಟ್ಟುವುದು ಹೇಗೆಂದು ಇವರಲ್ಲಿ ಪಾಠ ಹೇಳಿಸಿಕೊಂಡು ಹೋಗತೊಡಗಿದರು. ಸಮಿತಿ ಮೇಷ್ಟ್ರು ಎಂಬ ಹೆಸರು ಬಿದ್ದದ್ದು ಆಗಲೇ.

ಹೊಗಳಿಕೆ ಬಂದಂತೆ ಅವಸರವೂ ಬಂತು. ಸಭೆಯ ನಡವಳಿ, ಅಂದರೆ ಸಭೆಯಲ್ಲಿ ಏನು ಮಾತಾಡಿದರು, ಏನು ತೀರ್ಮಾನಿಸಿದರು ಎಂಬ ಬರಹ, ಮರುದಿನವೇ ಮೇಲಿನ ಕಚೇರಿಗೆ ತಲುಪಬೇಕಿತ್ತು. ಮೇಷ್ಟ್ರ ಕೈಬರಹ ಮುತ್ತು ಪೋಣಿಸಿದ ಹಾಗೆ. ಅವಸರದಲ್ಲಿ ಬರೆದು ಹಾಳುಮಾಡಲು ಮನಸ್ಸು ಬರುತ್ತಿರಲಿಲ್ಲ. ಹಾಗಾಗಿ ಸಭೆಯ ಹಿಂದಿನ ದಿನವೇ ಕೂತು ನಡವಳಿ ಬರೆದಿಡುವ ರೂಢಿ ಮಾಡಿಕೊಂಡರು. ಹೇಗೂ ಯಾವ ವಿಷಯ ಬರುತ್ತದೆ ಎಂದು ಪಟ್ಟಿ ಮಾಡಿದವರು ಅವರೇ, ಅದಕ್ಕೆ ಏನು ಉತ್ತರವೆಂದು ಗೊತ್ತಿದ್ದವರೂ ಅವರೇ. ಸಭೆ ಮುಗಿದ ಮೇಲೆ ಬಂದವರ ಹೆಸರು ತುಂಬಿ, ಕೆಳಗೆ ಎಲ್ಲರ ಸಹಿ ಹಾಕಿಸಿದರೆ ಕೆಲಸ ಮುಗಿಯಿತು.

ಇದನ್ನು ಮೊದಲು ಕಂಡುಹಿಡಿದವರು ಅವರ ಹೆಂಡತಿ. ಊಟದ ಮೇಜಿನ ಮೇಲೆ ಹರಡಿದ್ದ ಹಾಳೆಗಳನ್ನು ಎತ್ತಿಡುತ್ತ ಓದಿದರು. ಅಧ್ಯಕ್ಷರು ಸಂತೋಷ ವ್ಯಕ್ತಪಡಿಸಿದರು ಎಂದಿತ್ತು.

"ನಾಳೆ ಇವರು ಸಂತೋಷ ಪಡ್ತಾರೆ ಅಂತ ಇವತ್ತೇ ಹೇಗೆ ಗೊತ್ತಾಯ್ತು ನಿಮಗೆ? ನೀವು ಮೇಷ್ಟ್ರಾಗೋ ಬದಲು ಭವಿಷ್ಯ ಹೇಳೋಕೆ ಕೂತಿದ್ರೆ ಚೆನ್ನಾಗಿತ್ತು" ಎಂದರು.

ಮೇಷ್ಟ್ರು ನಕ್ಕು ಹಾಳೆಗಳನ್ನು ಚೀಲಕ್ಕೆ ಸೇರಿಸಿದರು. ಮಾರನೆಯ ದಿನ ಅಧ್ಯಕ್ಷರು ಸಂತೋಷವನ್ನೇ ಪಟ್ಟರು, ಆ ಮಾತು ಬೇರೆ.

ಇದಕ್ಕೆ ಜೊತೆಯಾಗಿ ಇನ್ನೊಂದು ರೂಢಿ ಬಂತು. ಶುರುವಿನಲ್ಲಿ ಹಿಂದಿನ ಸಭೆಯ ನಡವಳಿಯನ್ನು ಮೇಷ್ಟ್ರು ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ನಾಲ್ಕನೆಯ ಸಭೆಯಲ್ಲಿ ಕಂಡಕ್ಟರು ಗಡಿಯಾರ ನೋಡಿಕೊಂಡು, ಓದುವುದರಲ್ಲೇ ಅರ್ಧ ಗಂಟೆ ಹೋಗುತ್ತದೆ, ಎಲ್ಲರಿಗೂ ಒಂದೊಂದು ಪ್ರತಿ ಮನೆಗೆ ಕಳಿಸಿಬಿಡಿ, ಓದಿಕೊಂಡೇ ಬರುತ್ತೇವೆ ಎಂದರು. ಎಲ್ಲರೂ ಹೂಂಗುಟ್ಟಿದರು. ಅಂದಿನಿಂದ ಪ್ರತಿ ಸಭೆಯ ಮೊದಲ ಸಾಲು ಒಂದೇ. ಹಿಂದಿನ ಸಭೆಯ ನಡವಳಿಯನ್ನು ಎಲ್ಲರೂ ಓದಿದ್ದಾರೆಂದು ಭಾವಿಸಿ ಅಂಗೀಕರಿಸಲಾಯಿತು. ಅಧ್ಯಕ್ಷರು ಈ ಸಾಲು ಹೇಳುತ್ತಿದ್ದರು, ಏಳು ಕೈಗಳು ಮೇಲೇಳುತ್ತಿದ್ದವು. ಇಸ್ತ್ರಿಯಕ್ಕನ ಕೈಯೂ ಏಳುತ್ತಿತ್ತು. ಅವಳು ಪ್ರತಿಯನ್ನು ಮಡಿಕೆ ಕೆಡದಂತೆ ತಂದು ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದಳು. ಯಾರಾದರೂ ಇದೇನು ಬರೆದಿದೆ ನೋಡಿ ಎಂದರೆ ಕನ್ನಡಕ ಮರೆತು ಬಂದೆ ಎನ್ನುತ್ತಿದ್ದಳು. ಅವಳ ಹತ್ತಿರ ಕನ್ನಡಕವೇ ಇರಲಿಲ್ಲ. ಸಹಿಯನ್ನು ಚಿತ್ರ ಬಿಡಿಸುವ ಹಾಗೆ ನಿಧಾನವಾಗಿ ಬಿಡಿಸುತ್ತಿದ್ದಳು. ಓದು ಕಲಿಸುವ ಕೇಂದ್ರದ ಸಮಿತಿಗೆ ಓದು ಬಾರದವಳನ್ನು ಹಾಕಿಕೊಂಡರು ಎಂದು ಊರು ನಗಬಾರದು, ಮೇಷ್ಟ್ರ ಮರ್ಯಾದೆ ಹೋಗಬಾರದು ಎಂಬ ಕಾಳಜಿ ಅವಳದು.

ಎರಡನೆಯ ವರ್ಷದ ಮೊದಲ ಸಭೆಯಲ್ಲಿ ಅವಳು ಬಾಯಿ ಬಿಟ್ಟಳು. ಓದು ಬರಹದ ತರಗತಿಯನ್ನು ಮಧ್ಯಾಹ್ನ ಎರಡೂವರೆಗೆ ಇಡಿ ಎಂದಳು. ಮನೆಗೆಲಸಕ್ಕೆ ಹೋಗುವವರು, ಗುಡಿಸುವವರು, ತನ್ನ ಹಾಗೆ ಅಂಗಡಿ ಇಟ್ಟುಕೊಂಡವರು, ಎಲ್ಲರಿಗೂ ಬಿಡುವೆಂದರೆ ಎರಡರಿಂದ ನಾಲ್ಕು. ಸಂಜೆ ಆರಕ್ಕೆ ಒಲೆ, ಮಕ್ಕಳು, ಗಂಡ, ಇಸ್ತ್ರಿ ಪೆಟ್ಟಿಗೆ. ತನ್ನ ಬೀದಿಯೊಂದರಿಂದಲೇ ಇಪ್ಪತ್ತು ಜನ ಬರುತ್ತಾರೆ ಎಂದಳು. ಆಮೇಲೆ ತನ್ನ ಅಕ್ಕನ ವಿಷಯ ಹೇಳಿದಳು. ಅಕ್ಕ ಬಸ್ ನಿಲ್ದಾಣದಲ್ಲಿ ಗುಡಿಸಿ ಒರೆಸುವ ಕೆಲಸದವಳು. ಬೆಳಿಗ್ಗೆ ಐದಕ್ಕೆ ಹೋದರೆ ಒಂದು ಗಂಟೆಗೆ ಬಿಡುವು.

"ಅಕ್ಕನಿಗೆ ಸಂಜೆ ಆದ್ರೆ ಈಗ ಏನೂ ಕಾಣಲ್ಲ ಮೇಷ್ಟ್ರೇ. ಹಗಲು ಕಾಣತ್ತೆ. ಇನ್ನು ಎರಡು ವರ್ಷ, ಅದೂ ಹೆಚ್ಚು ಅಂದ್ರು ಡಾಕ್ಟರು. ಅಷ್ಟರಲ್ಲಿ ಓದು ಕಲೀಬೇಕು ಅಂತಾಳೆ. ಇಪ್ಪತ್ತು ವರ್ಷದಿಂದ ಒರೆಸ್ತಿರೋ ಬೋರ್ಡಲ್ಲಿ ಏನು ಬರೆದಿದಾರೆ ಅಂತ ಒಂದ್ಸಲ ತಾನೇ ನೋಡ್ಬೇಕಂತೆ" ಎಂದಳು.

ಖಂಡಿತ ನೋಡೋಣಮ್ಮ ಎಂದರು ಮೇಷ್ಟ್ರು. ನಡವಳಿಯನ್ನು ಆಗಲೇ ಬರೆದಾಗಿತ್ತಲ್ಲ, ಅದರಲ್ಲಿ ಜಾಗವಿರಲಿಲ್ಲ. ಹಾಗಾಗಿ ಒಂದು ಚೀಟಿಯಲ್ಲಿ 'ಮಧ್ಯಾಹ್ನ 2.30' ಎಂದು ಬರೆದು ಅಂಗಿಯ ಜೇಬಿಗೆ ಹಾಕಿಕೊಂಡರು, ಮುಂದಿನ ಸಭೆಯ ಪಟ್ಟಿಗೆ ಸೇರಿಸಬೇಕೆಂದು. ಆ ಚೀಟಿ ಎರಡು ದಿನದ ನಂತರ ಬಟ್ಟೆ ಒಗೆಯುವಾಗ ಅವರ ಹೆಂಡತಿಯ ಕೈಗೆ ಹಿಟ್ಟಿನ ಮುದ್ದೆಯ ಹಾಗೆ ಸಿಕ್ಕಿತು.

ಮುಂದಿನ ಸಭೆಯಲ್ಲಿ ಅವಳು ಮತ್ತೆ ಅದನ್ನೇ ಹೇಳಿದಳು, ಅದರ ಮುಂದಿನದರಲ್ಲೂ. ಮೂರನೇ ಸಲ ಕಂಡಕ್ಟರು, ಇಸ್ತ್ರಿಯಕ್ಕ ಹೇಳಿದ್ದು ಬರೆದುಕೊಂಡಿರಾ ಮೇಷ್ಟ್ರೇ ಎಂದು ಕೇಳಿದರು. ಮೇಷ್ಟ್ರು ಜೇಬು ತಟ್ಟಿ ತೋರಿಸಿ, ಬರೆದುಕೊಂಡಿದ್ದೇನೆ ಎಂದರು. ನಾಲ್ಕನೇ ಸಲ ಅವಳು ಹೇಳಿದ್ದು ಒಂದೇ ವಾಕ್ಯ. ಆಮೇಲೆ ಆ ಮಾತು ಎತ್ತಲಿಲ್ಲ. ಪುಸ್ತಕದಲ್ಲಿ ಬಂದಿದೆ, ಮೇಲಿನವರು ನೋಡುತ್ತಿದ್ದಾರೆ, ಪದೇ ಪದೇ ಕೇಳಿ ಪ್ರಾಣ ತಿನ್ನುವುದು ಸರಿಯಲ್ಲ ಎಂದುಕೊಂಡಳು.

ಮೇಷ್ಟ್ರು ಯಾಕೆ ಮಾಡಲಿಲ್ಲ? ಅವರನ್ನು ಕೇಳಿದ್ದರೆ ಎರಡು ಕಾರಣ ಹೇಳುತ್ತಿದ್ದರು. ಹಜಾರದ ಬೀಗದ ಕೈ ಮಧ್ಯಾಹ್ನದ ಹೊತ್ತು ಕೆಳಗಿನ ಗ್ರಂಥಪಾಲಕರ ಬಳಿ ಇರುತ್ತಿತ್ತು, ಒಂದು ಫ್ಯಾನಿನ ವಿಷಯಕ್ಕೆ ಇಬ್ಬರಿಗೂ ಮಾತು ನಿಂತುಹೋಗಿತ್ತು. ವರ್ಷದ ಯೋಜನೆಯಲ್ಲಿ ಸಂಜೆ ಎಂದು ಬರೆದು ಕಳಿಸಿಯಾಗಿತ್ತು, ತಿದ್ದಬೇಕಾದರೆ ಮೂರು ಕಚೇರಿಯ ಒಪ್ಪಿಗೆ ಬೇಕಿತ್ತು. ಎರಡೂ ನಿಜವೆಂದೇ ಅವರು ನಂಬಿದ್ದರು. ಮೂರನೆಯ ಕಾರಣವನ್ನು ಅವರು ಬಹಳ ದಿನ ತಮಗೇ ಹೇಳಿಕೊಳ್ಳಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಅವರು ಕೋಣೆಯಲ್ಲಿ ಎರಡು ಬೆಂಚು ಜೋಡಿಸಿ, ಚೀಲವನ್ನು ತಲೆಯಡಿಗಿಟ್ಟು ಒಂದು ಗಂಟೆ ಕಣ್ಣು ಮುಚ್ಚುತ್ತಿದ್ದರು. ಅಷ್ಟೇ. ಅದು ಬಿಟ್ಟರೆ ಬೇರೆ ದೊಡ್ಡ ಅಡ್ಡಿ ಏನೂ ಇರಲಿಲ್ಲ. ಈ ಒಂದು ಗಂಟೆ ನಿದ್ದೆಯ ಮೇಲೆ ನನಗೆ ಈಗಲೂ ಸಿಟ್ಟು ಬರುತ್ತದೆ, ಆ ನಿದ್ದೆಯನ್ನು ನಾನೂ ಮಾಡುತ್ತೇನೆ ಎನ್ನುವುದರಿಂದ ಇನ್ನಷ್ಟು ಬರುತ್ತದೆ.

ಮೂರನೆಯ ವರ್ಷದಿಂದ ಇಸ್ತ್ರಿಯಕ್ಕ ಸಭೆಗೆ ಬರುವುದು ನಿಂತಿತು. ಒಂದು ಸಲ ಮೈ ಸರಿಯಿಲ್ಲ ಎಂದು ಹೇಳಿ ಕಳಿಸಿದಳು, ಇನ್ನೊಂದು ಸಲ ಅದೂ ಇಲ್ಲ. ಸಭೆ ನಡೆಸಲು ನಾಲ್ಕು ಜನರ ಹಾಜರಿ ಸಾಕಿತ್ತು. ಮೇಷ್ಟ್ರು ಅವಳ ಹೆಸರಿನ ಮುಂದೆ ಗೈರುಹಾಜರಿ ಎಂದು ಮುತ್ತಿನಂಥ ಅಕ್ಷರದಲ್ಲಿ ಬರೆದರು. ಅವರ ಅಂಗಿಗಳು ಇಸ್ತ್ರಿಗೆ ಹೋಗುತ್ತಿದ್ದದ್ದೂ ಅವಳಲ್ಲಿಗೇ, ಆದರೆ ಕೊಡಲು ತರಲು ಹೆಂಡತಿ ಹೋಗುತ್ತಿದ್ದರು. ಹೋಗಿ ಒಂದು ಮಾತು ಕೇಳೋಣವೆಂದು ಹಲವು ಸಲ ಅಂದುಕೊಂಡರು. ಅಂದುಕೊಳ್ಳುವುದರಲ್ಲಿ ಒಂದು ವರ್ಷ ಕಳೆಯಿತು.

ಆಗ ಮೇಲಿನ ಕಚೇರಿಯಿಂದ ಪತ್ರ ಬಂತು. ಓದು ಬರಹದ ತರಗತಿಗೆ ಬರುವವರು ಐದು ಜನಕ್ಕಿಳಿದಿದ್ದಾರೆ, ತರಗತಿಯನ್ನು ನಿಲ್ಲಿಸಬಾರದೇಕೆ ಎಂದು ಸಮಿತಿಯ ಅಭಿಪ್ರಾಯ ಕಳಿಸಿ ಎಂದಿತ್ತು. ಹೊಲಿಗೆ, ಕಂಪ್ಯೂಟರ್ ಇದ್ದರೆಷ್ಟು ಬಿಟ್ಟರೆಷ್ಟು, ಮೇಷ್ಟ್ರು ಈ ಕೆಲಸಕ್ಕೆ ಬಂದದ್ದೇ ಓದು ಕಲಿಸಲು. ಇಪ್ಪತ್ತು ಜನ ಬರುತ್ತಾರೆ ಎಂದಿದ್ದ ಮಾತು ಆಗ ನೆನಪಾಯಿತು. ಮಾರನೆಯ ದಿನವೇ ಇಸ್ತ್ರಿ ಅಂಗಡಿಗೆ ಹೋದರು.

ಅವಳು ಯಾವುದೋ ಅಂಗಿಯ ಕಾಲರು ತಿರುಗಿಸುತ್ತಿದ್ದಳು. ಹಲಗೆಯ ಮೇಲಿನ ಗಂಟುಗಳಿಗೆ ದಾರದ ಬದಲು ಚೀಟಿಗಳಿದ್ದವು. ದಪ್ಪ ದಪ್ಪ ಅಕ್ಷರ, ಕೆಲವು ವಾಲಿದ್ದವು. ಮೇಷ್ಟ್ರು ಅದನ್ನು ನೋಡಿದರು. ಆಗಲೂ ಪೂರ್ತಿ ತಿಳಿಯಲಿಲ್ಲ. ಅವಳೇ ಹೇಳಿದಳು, ಎದುರು ಮನೆಗೆ ಹೊಸದಾಗಿ ಬಂದ ನರ್ಸಮ್ಮ ರಾತ್ರಿ ಪಾಳಿಯವರು, ಮಧ್ಯಾಹ್ನ ಮನೆಯಲ್ಲಿರುತ್ತಾರೆ, ಒಂದು ವರ್ಷದಿಂದ ಇದೇ ಮೇಜಿನ ಮೇಲೆ ಕಲಿಸುತ್ತಿದ್ದಾರೆ ಎಂದು. ಇಷ್ಟು ದಿನ ಓದು ಬರುತ್ತಿರಲಿಲ್ಲ ಎಂದು ಅವಳು ಹೇಳಿದ್ದು ಹೀಗೆ, ಬಟ್ಟೆ ಮಡಿಸುತ್ತ, ಮುಖ ಎತ್ತದೆ. ಎತ್ತಿದ ಆ ಕೈ, ಮರೆತ ಕನ್ನಡಕ, ಬಿಡಿಸಿದ ಸಹಿ, ಎಲ್ಲ ಒಟ್ಟಿಗೆ ಮೇಷ್ಟ್ರ ಕಣ್ಣ ಮುಂದೆ ಬಂದವು.

ಅವರು ಬಂದ ವಿಷಯ ಹೇಳಿದರು. ಮಧ್ಯಾಹ್ನದ ತರಗತಿ ಮಾಡಿಯೇ ಮಾಡುತ್ತೇನೆ, ನೀವು ಸಮಿತಿಗೆ ವಾಪಸ್ಸು ಬರಬೇಕು ಎಂದರು. ಅವಳು ಬರುತ್ತೇನೆ ಎಂದಳು. ಬರುವ ಮುಂಚೆ ಒಂದು ಆಸೆ ಇದೆ, ಹಳೆಯ ನಡವಳಿ ಪುಸ್ತಕ ಒಮ್ಮೆ ನೋಡಬೇಕು, ನಾನು ಆಡಿದ ಮಾತು ಅಕ್ಷರದಲ್ಲಿ ಹೇಗೆ ಕಾಣುತ್ತದೆ ಓದಬೇಕು ಎಂದಳು. ಮೇಷ್ಟ್ರು ಆಗಲಿ ಎಂದರು.

ಮರುದಿನ ಎರಡೂವರೆಗೆ ಅವಳು ಮೆಟ್ಟಿಲು ಹತ್ತಿ ಬಂದಳು. ಮೇಷ್ಟ್ರು ಬೆಂಚುಗಳನ್ನು ಬೇರೆ ಬೇರೆ ಮಾಡಿ ಇಟ್ಟಿದ್ದರು. ಬೀರುವಿನಿಂದ ಪುಸ್ತಕ ತೆಗೆದು ಮೇಜಿನ ಮೇಲಿಟ್ಟು, ಎರಡನೆಯ ವರ್ಷದ ಮೊದಲ ಸಭೆಯ ಪುಟವನ್ನು ತಾವೇ ತೆರೆದುಕೊಟ್ಟರು. ಮೊದಲೇ ಹೇಳಿಬಿಡಬೇಕಿತ್ತು. ಬಾಯಿಗೆ ಬಂದಿತ್ತು ಕೂಡ. ಹೇಳುವಷ್ಟರಲ್ಲಿ ಅವಳು ಬೆರಳಿಟ್ಟು ಓದಲು ಶುರು ಮಾಡಿದ್ದಳು.

ಒತ್ತಕ್ಷರ ಬಂದಲ್ಲಿ ನಿಲ್ಲುತ್ತಿದ್ದಳು. ತುಟಿ ಅಲುಗುತ್ತಿತ್ತು. 'ಭಾವಿಸಿ ಅಂಗೀಕರಿಸಲಾಯಿತು' ಎಂಬುದನ್ನು ದಾಟಲು ಅವಳಿಗೆ ಎರಡು ನಿಮಿಷ ಬೇಕಾಯಿತು. ಹಾಜರಿದ್ದವರ ಪಟ್ಟಿಯಲ್ಲಿ ಏಳನೆಯದಾಗಿ ತನ್ನ ಹೆಸರು ಸಿಕ್ಕಿದಾಗ ಮುಖ ಅರಳಿತು, ಬೆರಳನ್ನು ಅಲ್ಲಿ ಸ್ವಲ್ಪ ಹೊತ್ತು ಇಟ್ಟಳು. ಆಮೇಲೆ ಕೆಳಗಿಳಿದಳು. ಹೊಲಿಗೆ ಯಂತ್ರದ ದುರಸ್ತಿ. ಪ್ರಥಮ ಚಿಕಿತ್ಸೆ ಶಿಬಿರ. ಅಧ್ಯಕ್ಷರು ಸಂತೋಷ ವ್ಯಕ್ತಪಡಿಸಿದರು. ವಂದನೆಗಳೊಂದಿಗೆ ಸಭೆ ಮುಕ್ತಾಯ. ಕೆಳಗೆ ಅವಳ ಸಹಿ. ಪುಟ ತಿರುಗಿಸಿದಳು. ಎರಡನೆಯ ಸಭೆ, ಮೂರನೆಯದು, ನಾಲ್ಕನೆಯದು. ಮುಕ್ಕಾಲು ಗಂಟೆ ಹಿಡಿಯಿತು. ಮೇಷ್ಟ್ರು ಎದುರಿಗೆ ಕೂತಿದ್ದರು. ಕಲಿತವಳೊಬ್ಬಳು ಹೀಗೆ ಒಂದೊಂದೇ ಅಕ್ಷರ ಹಿಡಿದು ಓದುವುದನ್ನು ನೋಡುವುದೆಂದರೆ ಅವರಿಗೆ ಜೀವಮಾನದ ಸುಖ. ಅಂದು ಅವರು ಆ ಓದು ಬೇಗ ಮುಗಿದರೆ ಸಾಕು ಎಂದು ಕೂತಿದ್ದರು.

"ನಾನು ಹೇಳಿದ್ದು ಯಾವ ಪುಟದಲ್ಲಿದೆ ಮೇಷ್ಟ್ರೇ?"

"ಬರೀಲಿಲ್ಲಮ್ಮ" ಎಂದರು ಮೇಷ್ಟ್ರು. "ಒಂದ್ಸಲನೂ ಬರೀಲಿಲ್ಲ. ತಪ್ಪಾಯ್ತು."

ಅವಳು ಜಗಳವಾಡುತ್ತಾಳೆ ಎಂದು ಅವರು ಕಾದರು. ಆಡಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳು ಪುಸ್ತಕ ಮುಚ್ಚಿ, ಅದರ ಮೇಲೆ ಅಂಗೈ ಸವರಿದಳು, ಬಟ್ಟೆಯ ಸುಕ್ಕು ತೆಗೆಯುವ ಹಾಗೆ.

"ನಂದೂ ತಪ್ಪಿದೆ ಬಿಡಿ. ಓದೋಕೆ ಬಾರದೇನೆ ಕೈ ಎತ್ತುತಿದ್ದೆ. ಆ ಕಾಗದ ಎಲ್ಲ ಮನೆಗೆ ತಗೊಂಡೋಗಿ ಅಕ್ಕನಿಗೆ ತೋರಿಸ್ತಿದ್ದೆ. ಇದರಲ್ಲಿ ನಿನ್ನ ವಿಷಯ ಬರೆದಿದಾರೆ, ಇನ್ನೇನು ಶುರುವಾಗತ್ತೆ ಅಂತಿದ್ದೆ. ಅವಳು ಆ ಕಾಗದನ ಕಣ್ಣಿಗೆ ಹತ್ರ ಹಿಡ್ಕೊಂಡು ನೋಡ್ತಾ ಕೂರ್ತಿದ್ಳು."

ಮೇಷ್ಟ್ರು ಅವಸರವಾಗಿ, ಸೋಮವಾರದಿಂದಲೇ ಶುರು ಮಾಡುತ್ತೇನೆ, ಗ್ರಂಥಪಾಲಕರ ಕಾಲು ಹಿಡಿದಾದರೂ ಬೀಗದ ಕೈ ತರುತ್ತೇನೆ, ಅಕ್ಕನನ್ನು ಕರೆದುಕೊಂಡು ಬನ್ನಿ, ಮೊದಲ ಸಾಲಿನಲ್ಲಿ ಕೂರಿಸಿ ನಾನೇ ಕಲಿಸುತ್ತೇನೆ ಎಂದರು.

"ಅಕ್ಕನಿಗೆ ಈಗ ಹಗಲೂ ಕಾಣಲ್ಲ ಮೇಷ್ಟ್ರೇ. ಒಂದು ವರ್ಷ ಆಯ್ತು. ನನಗಂತೂ ಆಗ್ಲಿಲ್ಲ, ನೀನಾದ್ರೂ ಕಲಿ ಅಂತ ಅವಳೇ ನನ್ನ ಕೂರಿಸಿದ್ದು" ಎಂದಳು ಇಸ್ತ್ರಿಯಕ್ಕ.

ಸಭೆಗೆ ಅವಳು ಯಾಕೆ ಬರುವುದು ಬಿಟ್ಟಳೆಂದು ಮೇಷ್ಟ್ರಿಗೆ ಗೊತ್ತಾಯಿತು. ಗೈರುಹಾಜರಿ ಎಂದು ತಾವು ಅಂದವಾಗಿ ಬರೆದ ದಿನಗಳಲ್ಲಿ ಆ ಮನೆಯಲ್ಲಿ ಒಬ್ಬಳ ಕಣ್ಣು ಪೂರ್ತಿ ಆರುತ್ತಿತ್ತು.

ಸೋಮವಾರ ಆಗಲಿಲ್ಲ, ಬುಧವಾರದಿಂದ ಮಧ್ಯಾಹ್ನದ ತರಗತಿ ಶುರುವಾಯಿತು. ಗ್ರಂಥಪಾಲಕರು ಒಂದು ಮಾತೂ ಆಡದೆ ಬೀಗದ ಕೈ ಕೊಟ್ಟರು. ಯೋಜನೆ ತಿದ್ದಲು ಮೂರು ಕಚೇರಿ ಬೇಕಿರಲಿಲ್ಲ, ಒಂದು ಪತ್ರ ಸಾಕಾಯಿತು. ಎರಡೂವರೆ ವರ್ಷ ಆಗದೆ ಉಳಿದ ಕೆಲಸ ಐದು ದಿನದಲ್ಲಿ ಆಗಿಹೋಯಿತು. ಇದನ್ನು ನೆನೆಸಿಕೊಂಡಾಗಲೆಲ್ಲ ಮೇಷ್ಟ್ರಿಗೆ ಮುಖ ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯುತ್ತಿರಲಿಲ್ಲ. ಇಪ್ಪತ್ತಾರು ಹೆಂಗಸರು ಬಂದರು. ಬೆಂಚು ಸಾಲದೆ ಕೆಲವರು ನೆಲದ ಮೇಲೆ ಕೂತರು. ತರಗತಿ ನಿಲ್ಲಿಸುವ ಮಾತು ಮೇಲಿನ ಕಚೇರಿಯಲ್ಲಿ ಮತ್ತೆ ಬರಲಿಲ್ಲ. ಮಾದರಿ ಸಮಿತಿಯ ದೂರದೃಷ್ಟಿ ಎಂದು ಅಲ್ಲಿಂದ ಮೆಚ್ಚುಗೆಯ ಪತ್ರ ಬಂತು. ಮೇಷ್ಟ್ರು ಅದನ್ನು ಯಾರಿಗೂ ತೋರಿಸದೆ ಬೀರುವಿನ ಕೆಳಗಿನ ಖಾನೆಗೆ ಹಾಕಿದರು.

ಇಸ್ತ್ರಿಯಕ್ಕ ಸಮಿತಿಗೆ ಮರಳಿದಳು. ಈಗ ಮೇಷ್ಟ್ರು ನಡವಳಿಯನ್ನು ಸಭೆ ನಡೆಯುವಾಗಲೇ ಬರೆಯುತ್ತಿದ್ದರು, ಕಾಟು ಚಿತ್ತು ಎಷ್ಟಿದ್ದರೂ ಸರಿ. ಮುಗಿದ ಮೇಲೆ ಒಂದಕ್ಷರ ಬಿಡದೆ ಗಟ್ಟಿಯಾಗಿ ಓದುತ್ತಿದ್ದರು. ಕಂಡಕ್ಟರು ಗಡಿಯಾರ ನೋಡಿಕೊಂಡರೂ ಮೇಷ್ಟ್ರು ಕಾಣದವರ ಹಾಗಿರುತ್ತಿದ್ದರು. ಮೊದಲ ಸಲ ಹೀಗೆ ಓದಿದ ದಿನ, ಎಲ್ಲರೂ ಮೆಟ್ಟಿಲಿಳಿದ ಮೇಲೆ ಇಸ್ತ್ರಿಯಕ್ಕ ಒಬ್ಬಳೇ ಹಿಂದೆ ಉಳಿದು ಒಂದು ಮಾತು ನಡೆಸಿಕೊಡಬೇಕು ಎಂದಳು. ಅಕ್ಕನಿಗೆ ಮಧ್ಯಾಹ್ನದ ತರಗತಿ ಶುರುವಾದದ್ದು ಹೇಳಿಲ್ಲ. ಈಗ ಶುರುವಾಯಿತು ಎಂದರೆ, ಮುಂಚೆಯೂ ಆಗಬಹುದಿತ್ತಲ್ಲ ಎಂದು ಅವಳಿಗೆ ಹೊಳೆಯದೆ ಇರುವುದಿಲ್ಲ. ಆಗುವುದೇ ಇಲ್ಲದ ಕೆಲಸ ಎಂದುಕೊಂಡು ಇದ್ದುಬಿಡಲಿ. ಬೀದಿಯ ಹೆಂಗಸರಿಗೂ ಹೇಳಿಟ್ಟಿದ್ದೇನೆ, ನಿಮಗೂ ಹೇಳುತ್ತಿದ್ದೇನೆ ಎಂದಳು. ಮೇಷ್ಟ್ರು ಆಗಲಿ ಎಂದು ತಲೆಯಾಡಿಸಿದರು.

ಎರಡು ತಿಂಗಳ ನಂತರ ಮೇಷ್ಟ್ರ ಹೆಂಡತಿಗೆ ಕಾಲು ಉಳುಕಿತ್ತು, ಇಸ್ತ್ರಿಗೆ ಕೊಟ್ಟಿದ್ದ ಅಂಗಿಗಳನ್ನು ತರಲು ಮೇಷ್ಟ್ರೇ ಹೋದರು. ಇಸ್ತ್ರಿಯಕ್ಕ ಅಂಗಡಿಯಲ್ಲಿರಲಿಲ್ಲ, ಯಾರದೋ ಮನೆಗೆ ಬಟ್ಟೆ ತಲುಪಿಸಲು ಹೋಗಿದ್ದಳು. ಮೇಜಿನ ಪಕ್ಕದ ಕುರ್ಚಿಯಲ್ಲಿ ಅವಳಿಗಿಂತ ಹಿರಿಯ ಹೆಂಗಸೊಬ್ಬಳು ಒಗೆದ ಕರವಸ್ತ್ರಗಳನ್ನು ತಡವಿ ತಡವಿ, ಮೂಲೆಗೆ ಮೂಲೆ ಕೂಡಿಸಿ ಮಡಿಸುತ್ತಿದ್ದಳು. ಯಾರು ಎಂದು ಕೇಳಿದಳು. ಮೇಷ್ಟ್ರು ಯಾವುದೋ ಮನೆಯವರೆಂದು ಹೇಳಿ ಆಮೇಲೆ ಬರುತ್ತೇನೆ ಎಂದು ಹಿಂದಿರುಗಬಹುದಿತ್ತು. ಅದು ಹೊಳೆಯಲಿಲ್ಲ. ಕಲಿಕಾ ಕೇಂದ್ರದ ಮೇಷ್ಟ್ರು ಎಂದುಬಿಟ್ಟರು.

ಅವಳ ಮುಖ ದನಿ ಬಂದ ಕಡೆಗೆ ತಿರುಗಿತು. ಕೂತ್ಕೊಳ್ಳಿ ಎಂದಳು, ಕೂರಲು ಎಲ್ಲಿ ಜಾಗವಿದೆ ಎಂದು ಕೈಯಿಂದ ತಡವಿ ತೋರಿಸಿದಳು. ತಂಗಿ ನಿಮ್ಮ ವಿಷಯ ಬಹಳ ಹೇಳುತ್ತಾಳೆ ಎಂದಳು. ಆಮೇಲೆ ಕರವಸ್ತ್ರ ಮಡಿಸುವುದು ನಿಲ್ಲಿಸಿ ಕೇಳಿದಳು.

"ಮಧ್ಯಾಹ್ನದ ಕ್ಲಾಸು ಶುರುವಾಯ್ತಾ ಮೇಷ್ಟ್ರೇ?"

ಮೇಷ್ಟ್ರು ಗೋಡೆಯ ಕಡೆ ನೋಡಿದರು. ಆಗ ಎರಡು ಗಂಟೆ. ಇನ್ನರ್ಧ ಗಂಟೆಗೆ ಅವರ ಹಜಾರ ತುಂಬುವುದಿತ್ತು.

"ಇಲ್ಲಮ್ಮ, ಇನ್ನೂ ಇಲ್ಲ" ಎಂದರು.

ಮೇಷ್ಟ್ರ ದನಿಯಲ್ಲಿ ಏನು ಕೇಳಿಸಿತೋ, ಅವರನ್ನೇ ಸಮಾಧಾನ ಮಾಡಬೇಕೆನಿಸಿತು ಅವಳಿಗೆ.

"ಬೇಜಾರು ಮಾಡ್ಕೋಬೇಡಿ. ನೀವೇನು ಮಾಡೋಕಾಗತ್ತೆ, ನೀವು ಎಲ್ಲಾ ಬರ್ಕೊಂಡೇ ಇದೀರಂತೆ. ಸಮಿತಿಯೋರು ಒಪ್ಪಬೇಕಲ್ಲ" ಎಂದಳು.

ಮೇಷ್ಟ್ರು ಹೌದಮ್ಮ ಎಂದರು. ಅಂಗಿಗಳನ್ನು ತೆಗೆದುಕೊಳ್ಳದೆಯೇ ಎದ್ದು ಬಂದರು.